ಯೋಶಿಮೊನ ಗುಂಡಿಗೆ

2003ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮಾರನೇ ದಿನವೇ ನನ್ನನ್ನು ಶಿವಮೊಗ್ಗದ ದೊಡ್ಡಪ್ಪನ ಮನೆಗೆ ಕಳಿಸಿದರು. ಮಹಡಿಯ ಮೇಲಿನ ಸಣ್ಣ ಕೋಣೆಯಲ್ಲಿ ಅಣ್ಣಯ್ಯನ ಓದಿಗೆಂದು ತಂದ ಕಂಪ್ಯೂಟರ್ ಇತ್ತು. ದೊಡ್ಡಮ್ಮ ಅದಕ್ಕೆ ಹಳೇ ಸೀರೆಯ ಬಟ್ಟೆಯಲ್ಲಿ ಹೊಲಿದ ಹೊದಿಕೆ ಹಾಕಿಟ್ಟಿದ್ದರು. ಅಣ್ಣಯ್ಯ ಆಗ ಪಾಲಿಟೆಕ್ನಿಕ್‌ನಲ್ಲಿ ಎರಡನೇ ವರ್ಷ. ಅವನ ಗೆಳೆಯನೊಬ್ಬ ನಾಲ್ಕು ಸಿಡಿಗಳ ಒಂದು ಆಟ ಕೊಟ್ಟಿದ್ದ. ಒಂದು ವಾರ ಒದ್ದಾಡಿ ಅಣ್ಣಯ್ಯ ಅದನ್ನು ಬದಿಗಿಟ್ಟಿದ್ದ. ನಾನು ಚೀಲ ಇಳಿಸುವುದಕ್ಕೇ ಕಾದಿದ್ದವನಂತೆ ಹೇಳಿದ, "ಪುಟ್ಟಿ, ಇದ್ರಲ್ಲಿ ಬರೀ ಇಂಗ್ಲಿಷು ಮಾರಾಯ್ತಿ. ನೀನು ಓದಿ ಹೇಳು, ನಾನು ಆಡ್ತೀನಿ."

ನಾನೂ ಕನ್ನಡ ಮಾಧ್ಯಮದವಳೇ. ಆದರೆ ಇಂಗ್ಲಿಷ್ ಎಂದರೆ ನನಗೆ ಆಸೆ. ದೊಡ್ಡಪ್ಪನ ಬೀರುವಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ದಪ್ಪ ಇಂಗ್ಲಿಷ್-ಕನ್ನಡ ನಿಘಂಟು ಇತ್ತು. ಅದನ್ನು ಎತ್ತಿಕೊಂಡು ಬಂದು ತೊಡೆಯ ಮೇಲಿಟ್ಟುಕೊಂಡು ಅಣ್ಣಯ್ಯನ ಪಕ್ಕ ಪ್ಲಾಸ್ಟಿಕ್ ಸ್ಟೂಲ್ ಹಾಕಿ ಕೂತೆ. ಆ ರಜೆ ಮುಗಿಯುವವರೆಗೂ ಅದೇ ನನ್ನ ಜಾಗ.

ಆಟದ ಹೆಸರು ಬಾಲ್ಡರ್ಸ್ ಗೇಟ್ 2: ಶ್ಯಾಡೋಸ್ ಆಫ್ ಆಮ್ನ್. ಕೆನಡಾದ ಎಡ್ಮಂಟನ್ ನಗರದ ಬಯೋವೇರ್ ಕಂಪನಿ ಮಾಡಿದ್ದು, 2000ದ ಸೆಪ್ಟೆಂಬರ್‌ನಲ್ಲಿ ಬಂದದ್ದು. ಅದರ ಮೊದಲ ಭಾಗ 1998ರದು. ಅದನ್ನು ನಾವು ಆಡಿರಲಿಲ್ಲ. ಹಾಗಾಗಿ ನಡುಮನೆಯಲ್ಲಿ ನಡೆಯುತ್ತಿರುವ ಜಗಳದ ಮಧ್ಯಕ್ಕೆ ಕಾಲಿಟ್ಟ ನೆಂಟರ ಹಾಗೆ ಕಥೆಯೊಳಗೆ ಹೋದೆವು. ನಾಯಕ ಸತ್ತುಹೋದ ಕೊಲೆಯ ದೇವರೊಬ್ಬನ ಮಗ. ಭಾಲ್ ಎಂದು ಆ ದೇವರ ಹೆಸರು. ಸಾಯುವ ಮೊದಲೇ ತನ್ನ ಸಾವು ಗೊತ್ತಾಗಿ ಭೂಮಿಯ ತುಂಬ ಮಕ್ಕಳನ್ನು ಬಿಟ್ಟುಹೋಗಿದ್ದಾನೆ. 'ಭಾಲ್‌ಸ್ಪಾನ್' ಎಂಬ ಪದಕ್ಕೆ ನಾನು 'ಭಾಲನ ಕುಡಿ' ಎಂದೆ. ಅಣ್ಣಯ್ಯನಿಗೆ ಅದು ಹಿಡಿಸಿತು. ಆಮೇಲೆ ನಾವು ಅದನ್ನು ಇಂಗ್ಲಿಷಿನಲ್ಲಿ ಹೇಳಲೇ ಇಲ್ಲ.

ಶುರುವಾಗುವುದೇ ಪಂಜರದಲ್ಲಿ. ಕತ್ತಲ ನೆಲಮಾಳಿಗೆ, ಇರೆನಿಕಸ್ ಎಂಬ ಮಾಂತ್ರಿಕ ನಮ್ಮ ಮೈಮೇಲೆ ಏನೇನೋ ಪ್ರಯೋಗ ಮಾಡುತ್ತಿದ್ದಾನೆ. ಅವನ ದನಿ ಸ್ಪೀಕರಿನಿಂದ ಬಂದಾಗ ಇಬ್ಬರೂ ಸುಮ್ಮನಾದೆವು. ಕೂಗಾಟವಿಲ್ಲ, ಅಬ್ಬರದ ನಗುವಿಲ್ಲ. ನೋವು ಕೊಡುತ್ತಿರುವ ಮನುಷ್ಯ ದಾಖಲೆ ಬರೆಯುವ ಗುಮಾಸ್ತನ ಹಾಗೆ ಮಾತಾಡುತ್ತಾನೆ. ನಮ್ಮ ಜೊತೆ ಬೆಳೆದ ತಂಗಿಯಂಥ ಹುಡುಗಿ ಇಮೋಯೆನ್ ಬಂದು ಪಂಜರ ತೆಗೆಯುತ್ತಾಳೆ. ಇನ್ನೊಂದು ಪಂಜರದಲ್ಲಿ ನಮ್ಮ ಜೊತೆಗಾತಿ ಜಹೇರಾ ಇದ್ದಾಳೆ. ಮತ್ತೊಂದರಲ್ಲಿ ಮಿನ್ಸ್ಕ್ ಎಂಬ ಯೋಧ, ಅವನ ಭುಜದ ಮೇಲೆ ಬೂ ಎಂಬ ಹ್ಯಾಮ್‌ಸ್ಟರ್. ಹ್ಯಾಮ್‌ಸ್ಟರ್ ನಾವು ನೋಡಿದ ಪ್ರಾಣಿಯಲ್ಲ, ಆದ್ದರಿಂದ ನಮ್ಮ ಕಥೆಯಲ್ಲಿ ಅದು ಇಲಿಯಾಯಿತು. ಮಿನ್ಸ್ಕನ ಪಂಜರಕ್ಕೆ ಬೀಗದ ಕೈ ಹುಡುಕಿ ಅಣ್ಣಯ್ಯ ಸೋತ. ಮಾತಿನ ಸಾಲುಗಳನ್ನು ಒಂದೊಂದಾಗಿ ಓದಿ, ಅವನಿಗೆ ಸಿಟ್ಟು ಬರಿಸಿದರೆ ಅವನೇ ಸರಳು ಮುರಿದು ಬರುತ್ತಾನೆ ಎಂದು ಕಂಡುಹಿಡಿದದ್ದು ನಾನು. ಆ ಹೊತ್ತು ನನಗಾದ ಹೆಮ್ಮೆ ಆಮೇಲೆ ಬಂದ ಎಸ್ಸೆಸ್ಸೆಲ್ಸಿ ಅಂಕಗಳಿಂದಲೂ ಆಗಲಿಲ್ಲ.

ಅದೇ ನೆಲಮಾಳಿಗೆಯ ಒಂದು ಕೋಣೆಯಲ್ಲಿ ಜಹೇರಾಳ ಗಂಡ ಖಾಲಿದನ ಹೆಣ ಸಿಗುತ್ತದೆ. ಚಿತ್ರಹಿಂಸೆ ಕೊಟ್ಟು ಕೊಂದಿದ್ದಾರೆ. ಜಹೇರಾ ಆ ಹೊತ್ತಿನಲ್ಲಿ ಆಡುವ ಮಾತುಗಳನ್ನು ಓದಿ ಹೇಳಲು ಹೋದೆ, ಗಂಟಲು ಕಟ್ಟಿತು. ಅಷ್ಟರಲ್ಲಿ ದೊಡ್ಡಮ್ಮ ಕಾಫಿ ಹಿಡಿದು ಮೇಲೆ ಬಂದವರು ನನ್ನ ಮುಖ ನೋಡಿ ಗಾಬರಿಯಾಗಿ, "ಯಾರೇ ಹೋಗಿದ್ದು?" ಎಂದರು. ಅಣ್ಣಯ್ಯ ಗಂಭೀರವಾಗಿ, "ಜಹೇರಾನ ಗಂಡ" ಎಂದ. ದೊಡ್ಡಮ್ಮ ತೆರೆಯ ಮೇಲಿನ ಬೆರಳುದ್ದದ ಆಕೃತಿಗಳನ್ನು ನೋಡಿ, "ಅಯ್ಯೋ ಪಾಪ" ಎಂದು ಕಾಫಿ ಲೋಟ ಇಟ್ಟು ಹೋದರು. ಆ ದಿನದಿಂದ ಜಹೇರಾ ನಮಗೆ ಜಹೇರಕ್ಕ. ಅವಳ ಗದರಿಕೆಯೂ ಮನೆಯ ಹಿರಿಯರ ಗದರಿಕೆಯ ಥರವೇ ಇತ್ತು. ಕಾಳಜಿ ಇರುವಲ್ಲೇ ಬಿರುಸು ಜಾಸ್ತಿ.

ಯೋಶಿಮೊ ಸಿಕ್ಕಿದ್ದೂ ಅಲ್ಲೇ. ಪೂರ್ವದ ಕಾರಾ-ತುರ್ ನಾಡಿನವನು, ಕೈಯಲ್ಲಿ ಕಟಾನಾ ಕತ್ತಿ, ಬಾಯಲ್ಲಿ ಸದಾ ಹಗುರ ಮಾತು. ತಾನೂ ನಮ್ಮ ಹಾಗೆ ಇಲ್ಲಿ ಸಿಕ್ಕಿಬಿದ್ದವನು, ಜೊತೆಗೆ ಬರಲೇ ಎಂದು ಕೇಳಿದ. ಬೀಗ ತೆಗೆಯಬಲ್ಲ, ನೆಲದಲ್ಲಿ ಹೂತ ಅಪಾಯಗಳನ್ನು ಗುರುತಿಸಬಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಶತ್ರುವಿಗೆ ಸಿಡಿಯುವ ಬಲೆಗಳನ್ನು ತಾನೇ ಹೂಡಬಲ್ಲ. ಅಣ್ಣಯ್ಯನಿಗೆ ಅವನು ಮೊದಲ ನೋಟಕ್ಕೇ ಇಷ್ಟವಾದ.

ಹೊರಗೆ ಬಂದ ಕೂಡಲೇ ಅತ್ಕಾತ್ಲಾ ನಗರ. ಬಯಲಲ್ಲಿ ಮಂತ್ರ ಪ್ರಯೋಗಿಸಿದ್ದಕ್ಕೆ ಮುಸುಕಿನ ಮಾಂತ್ರಿಕರು ಇರೆನಿಕಸ್‌ನ ಜೊತೆ ಇಮೋಯೆನ್‌ಳನ್ನೂ ಹಿಡಿದೊಯ್ಯುತ್ತಾರೆ. ಈ ಊರಿನಲ್ಲಿ ಪರವಾನಗಿ ಇಲ್ಲದೆ ಬೀದಿಯಲ್ಲಿ ಮಂತ್ರ ಹಾಕುವಂತಿಲ್ಲ. ಪರವಾನಗಿಗೆ 5,000 ಚಿನ್ನದ ನಾಣ್ಯ. ಅವಳನ್ನು ಎಲ್ಲಿಟ್ಟಿದ್ದಾರೆ ಎಂದು ಹೇಳಿ ಅಲ್ಲಿಗೆ ಕರೆದೊಯ್ಯಲು ಗೇಲನ್ ಬೇಲ್ ಎಂಬವನು ಕೇಳುವುದು 20,000 ನಾಣ್ಯ. ನಮ್ಮ ಚೀಲದಲ್ಲಿ ಆಗ ಇದ್ದದ್ದು ನೂರರ ಲೆಕ್ಕದಲ್ಲಿ. ಈ ಆಟದ ಹಿರಿಮೆ ಇರುವುದು ಇಲ್ಲಿ. ಆ ಹಣ ಎಲ್ಲಿಂದ ತರುತ್ತೀರಿ ಎಂದು ಅದು ಹೇಳುವುದಿಲ್ಲ. ಊರಿನ ಬಾಗಿಲುಗಳನ್ನು ತೆರೆದಿಟ್ಟು ಸುಮ್ಮನಾಗುತ್ತದೆ. ಸರ್ಕಸ್ ಡೇರೆಯೊಳಗೆ ರೆಕ್ಕೆ ಕಡಿಸಿಕೊಂಡ ಏರಿ ಎಂಬ ಹುಡುಗಿ ಇದ್ದಾಳೆ. ಹೆಂಡದಂಗಡಿಯ ಹಿಂದೆ ಗುಲಾಮರನ್ನು ಕಾದಾಡಲು ಬಿಡುವ ಅಖಾಡ ಇದೆ. ನಾಲಿಯಾ ಎಂಬವಳು ತನ್ನ ಅಪ್ಪನ ಕೋಟೆಗೆ ಟ್ರೋಲ್‌ಗಳು ನುಗ್ಗಿವೆ, ಬನ್ನಿ ಎಂದು ಗೋಗರೆಯುತ್ತಾಳೆ. ಟ್ರೋಲ್ ಎಷ್ಟು ಹೊಡೆದರೂ ಮತ್ತೆ ಎದ್ದು ಬರುತ್ತದೆ, ಬಿದ್ದಾಗ ಬೆಂಕಿಯಿಂದಲೋ ಆಸಿಡ್‌ನಿಂದಲೋ ಸುಡಬೇಕು. ಅದು ಅಲ್ಲಿನ ಮಾತುಗಳಲ್ಲೇ ಇತ್ತು, ನಾನು ಗಡಿಬಿಡಿಯಲ್ಲಿ ಆ ಸಾಲು ಬಿಟ್ಟಿದ್ದೆ. ಅಣ್ಣಯ್ಯ ಒಂದು ಸಂಜೆಯಿಡೀ ಅದೇ ನಾಲ್ಕು ಟ್ರೋಲ್‌ಗಳನ್ನು ಕೆಡವಿ ಕೆಡವಿ ಸುಸ್ತಾದ. ಆಮೇಲೆ ನಾನು ಒಂದು ಸಾಲನ್ನೂ ಬಿಡದೆ ಓದುವುದು ಕಲಿತೆ.

ನಮ್ಮ ಕೆಲಸ ಹೀಗೆ ಸಾಗುತ್ತಿತ್ತು. ಮಾತು ಬಂದ ಕೂಡಲೇ ಅಣ್ಣಯ್ಯ ಮೌಸ್ ಬಿಡುತ್ತಿದ್ದ. ನಾನು ಒಮ್ಮೆ ಮನಸ್ಸಿನಲ್ಲಿ ಓದಿ, ಗೊತ್ತಿಲ್ಲದ ಪದಕ್ಕೆ ನಿಘಂಟು ತೆಗೆದು, ಆಮೇಲೆ ಅದನ್ನು ಆ ಪಾತ್ರದ ದನಿಯಲ್ಲೇ ಕನ್ನಡದಲ್ಲಿ ಹೇಳುತ್ತಿದ್ದೆ. ಆಮೇಲೆ ನಮ್ಮ ಉತ್ತರಗಳನ್ನೂ ಒಂದು, ಎರಡು, ಮೂರು ಎಂದು ಕನ್ನಡದಲ್ಲಿ ಹೇಳುತ್ತಿದ್ದೆ, ಅವನು ಆರಿಸುತ್ತಿದ್ದ. ನೆರಳುಗಳ್ಳರು, ತಾಮ್ರ ಕಿರೀಟದ ಹೋಟೆಲು, ಪಾತಾಳ ಎಂದು ನಾನಿಟ್ಟ ಹೆಸರುಗಳು ನೋಟ್ ಪುಸ್ತಕದ ಹಿಂದಿನ ಪುಟಗಳಲ್ಲಿ ತುಂಬಿದವು. ರಾತ್ರಿ ಎಂಟೂವರೆಗೆ ದೊಡ್ಡಮ್ಮ ಕೆಳಗಿನಿಂದ ಕೂಗುತ್ತಿದ್ದರು. ಮೂರು ಸಲ ಕೂಗಿ ನಾವು ಏಳದಿದ್ದರೆ ಮೆಟ್ಟಿಲು ಹತ್ತಿ ಬಂದು, "ನನ್ನಾಣೆ ಇದೆ ನೋಡಿ, ಈಗ ಎದ್ದು ಬರದಿದ್ರೆ!" ಎನ್ನುತ್ತಿದ್ದರು. ಆಣೆ ಬಿದ್ದಮೇಲೆ ಅಣ್ಣಯ್ಯ ಒಂದು ಕ್ಷಣವೂ ಕೂರುತ್ತಿರಲಿಲ್ಲ. ಕ್ಯೂ ಒತ್ತಿ ಆಟ ಉಳಿಸಿ, ಎದ್ದುಬಿಡುತ್ತಿದ್ದ.

ಆ ರಜೆಯ ದೊಡ್ಡ ದಿನವೆಂದರೆ ಫರ್ಕ್ರಾಗ್‌ನ ದಿನ. ವಿಂಡ್‌ಸ್ಪಿಯರ್ ಗುಡ್ಡಗಳಲ್ಲಿ ರಾಕ್ಷಸರ ಕಾಟವಿದೆ, ಬಂದು ಸಹಾಯ ಮಾಡಿ ಎಂದು ಒಬ್ಬ ಸಾಹುಕಾರ ಕರೆಯುತ್ತಾನೆ. ಹೋದ ಕೂಡಲೇ ರಾಕ್ಷಸರು ಎದುರಾಗುತ್ತಾರೆ, ಹೊಡೆಯುತ್ತೇವೆ. ಬಿದ್ದಮೇಲೆ ನೋಡಿದರೆ ಅವರು ರಾಕ್ಷಸರಲ್ಲ, ಧರ್ಮಕ್ಕಾಗಿ ಪ್ರತಿಜ್ಞೆ ಮಾಡಿದ ಯೋಧರು. ಅವರಿಗೂ ನಾವು ರಾಕ್ಷಸರಾಗಿಯೇ ಕಂಡಿದ್ದೆವು. ಕಣ್ಣಿಗೆ ಮಂಕುಬೂದಿ ಎರಚಿ ಇದನ್ನೆಲ್ಲ ಮಾಡಿಸಿದವನು ಗುಹೆಯ ಆಳದಲ್ಲಿ ಕೂತ ಕೆಂಪು ಡ್ರ್ಯಾಗನ್. ಆ ಸಾಹುಕಾರನೂ ಅವನೇ. ಈ ಭಾಗ ಓದಿ ಹೇಳುವಾಗ ಅಣ್ಣಯ್ಯನ ಮುಖ ಕೆಂಪಾಯಿತು. ಆದರೆ ಡ್ರ್ಯಾಗನ್ ಎದುರು ನಮ್ಮ ಆರು ಜನ ಯಾವ ಲೆಕ್ಕ! ಅದು ರೆಕ್ಕೆ ಬಡಿದರೆ ಎಲ್ಲರೂ ಗೋಡೆಗೆ ಹೋಗಿ ಬೀಳುತ್ತಾರೆ. ಉಸಿರು ಬಿಟ್ಟರೆ ಅರ್ಧ ಮಂದಿ ಬೂದಿ. ಹದಿಮೂರು ಸಲ ಸತ್ತೆವು, ನೋಟ್ ಪುಸ್ತಕದಲ್ಲಿ ಗೆರೆ ಎಳೆದು ಲೆಕ್ಕ ಇಟ್ಟಿದ್ದೆ.

ಹದಿನಾಲ್ಕನೇ ಸಲಕ್ಕೆ ಅಣ್ಣಯ್ಯ ಹೇಳಿದ, "ತಡಿ, ಇವ್ನು ನಾವಾಗಿ ಕೆಣಕೋ ತನಕ ಸುಮ್ನೆ ಕೂತಿರ್ತಾನೆ ಅಲ್ವಾ? ಯೋಶಿಮೊ ಯಾಕಿದ್ದಾನೆ ಮತ್ತೆ?" ಅವನೊಬ್ಬನನ್ನೇ ಗುಹೆಯೊಳಗೆ ಕಳಿಸಿದ. ಡ್ರ್ಯಾಗನ್ನಿನ ಕಾಲಬುಡದಲ್ಲಿ, ಬಾಲದ ಹತ್ತಿರ, ಎದೆಯ ಕೆಳಗೆ, ಒಂದೊಂದಾಗಿ ಬಲೆ ಹೂಡಿಸಿದ. ಒಂದು ಬಲೆ ಹೂಡಲು ಯೋಶಿಮೊ ಬಗ್ಗಿ ಕೂತು ಏಳುವಷ್ಟು ಹೊತ್ತು ನಾವು ಉಸಿರು ಬಿಡುತ್ತಿರಲಿಲ್ಲ. ಕೊನೆಯ ಬಲೆ ಹೂಡಿದ ಕೂಡಲೇ ಕರೆಂಟು ಹೋಯಿತು. ಯು.ಪಿ.ಎಸ್. ಇರಲಿಲ್ಲ. ಆಟ ಉಳಿಸಿದ್ದು ಗುಹೆಯ ಬಾಗಿಲಲ್ಲಿ. ಎರಡು ಗಂಟೆ ಕತ್ತಲಲ್ಲಿ ಬಾಲ್ಕನಿಯಲ್ಲಿ ಕೂತು ಅಣ್ಣಯ್ಯ ಬೆರಳಿನಿಂದ ಕಟ್ಟೆಯ ಮೇಲೆ ಬಲೆಗಳ ಜಾಗ ಬರೆದು ಬರೆದು ತೋರಿಸಿದ. ಕರೆಂಟು ಬಂದಮೇಲೆ ಮತ್ತೆ ಮೊದಲಿನಿಂದ ಹೂಡಿಸಿ, ಮಾತು ಕೆಣಕಿದ. ಎಲ್ಲ ಬಲೆಗಳೂ ಒಟ್ಟಿಗೇ ಸಿಡಿದವು. ಉಳಿದ ಕೆಲಸ ಮಿನ್ಸ್ಕ್ ಮುಗಿಸಿದ. ಅಣ್ಣಯ್ಯ ಕುರ್ಚಿಯಿಂದ ಎದ್ದು ನಿಂತು ತೆರೆಯ ಮೇಲಿನ ಯೋಶಿಮೊನಿಗೆ ಕೈ ಮುಗಿದ. ನಿಜವಾಗಿ, ಎರಡೂ ಕೈ ಜೋಡಿಸಿ.

ಅದಕ್ಕೇ ಮುಂದೆ ಆದದ್ದು ಅಷ್ಟು ಕಚ್ಚಿತು.

ಹಣ ಕೂಡಿಸಿ, ಹಡಗು ಹತ್ತಿ, ಕಡಲ್ಗಳ್ಳರ ದ್ವೀಪ ಬ್ರಿನ್‌ಲಾಗೆ ಹೋಗಿ, ಇಮೋಯೆನ್‌ಳನ್ನು ಇಟ್ಟಿದ್ದ ಸ್ಪೆಲ್‌ಹೋಲ್ಡ್ ಎಂಬ ಸೆರೆಮನೆಯೊಳಗೆ ಕಾಲಿಟ್ಟೆವು. ಮಂತ್ರ ಬಲ್ಲವರನ್ನೂ ಬುದ್ಧಿ ಸ್ಥಿಮಿತ ತಪ್ಪಿದವರನ್ನೂ ಕೂಡಿಹಾಕುವ ಜಾಗ ಅದು. ಅಲ್ಲಿ ಇರೆನಿಕಸ್ ಕಾದಿದ್ದಾನೆ, ಸೆರೆಮನೆಗೇ ಒಡೆಯನಾಗಿದ್ದಾನೆ. ಆಗ ಯೋಶಿಮೊ ನಮ್ಮ ಗುಂಪು ಬಿಟ್ಟು ಅವನ ಪಕ್ಕ ಹೋಗಿ ನಿಲ್ಲುತ್ತಾನೆ. ಮೊದಲಿನಿಂದಲೂ ಅವನ ಕಡೆಯವನೇ. ನಮ್ಮನ್ನು ಇಲ್ಲಿಗೆ ತರಲೆಂದೇ ಜೊತೆ ಸೇರಿದವನು. ಇರೆನಿಕಸ್ ನಮ್ಮ ಆತ್ಮ ಕಿತ್ತುಕೊಳ್ಳುತ್ತಾನೆ, ಇಮೋಯೆನ್‌ಳ ಆತ್ಮ ಅವನ ತಂಗಿ ಬೋಧಿಗೆ ಹೋಗಿದೆ. ನೆಲಮಾಳಿಗೆಯ ಜಟಿಲ ದಾರಿ ದಾಟಿ ಮತ್ತೆ ಎದುರಾದಾಗ ಯೋಶಿಮೊ ನಮ್ಮ ಮೇಲೆ ಕತ್ತಿ ಎತ್ತುತ್ತಾನೆ.

ಅವನು ಅಲ್ಲಿ ತನ್ನ ಕಾರಣ ಹೇಳುತ್ತಾನೆ. ಆ ಮಾತಿನ ನಡುವೆ ಒಂದು ಪದ ಇತ್ತು. ಗೇಶ್ ಎಂದು ಓದಬೇಕಂತೆ, ನನಗಾಗ ಅದೂ ಗೊತ್ತಿರಲಿಲ್ಲ. ನಿಘಂಟು ತೆಗೆದೆ, ಸಿಗಲಿಲ್ಲ. ಇಡೀ ರಜೆಯಲ್ಲಿ ನನ್ನನ್ನು ಕೈಬಿಡದಿದ್ದ ನಿಘಂಟು ಅಲ್ಲಿ ಕೈಬಿಟ್ಟಿತು. ಅಣ್ಣಯ್ಯ ಸಿಟ್ಟಿನಿಂದ ಕುದಿಯುತ್ತ, "ಏನಂತೆ? ಏನಂತೆ ಅವಂದು?" ಎಂದು ಕೇಳುತ್ತಿದ್ದ. ಹಿಂದುಮುಂದಿನ ಸಾಲು ನೋಡಿ ಊಹಿಸಿದೆ. "ಕರಾರು ಅಂತೆ ಅಣ್ಣಯ್ಯ. ಇರೆನಿಕಸ್ ಜೊತೆ ಕರಾರು ಮಾಡ್ಕೊಂಡಿದ್ದಾನೆ." ಕರಾರು ಎಂದಮೇಲೆ ದುಡ್ಡು ಎಂದೇ ಅರ್ಥ. ಅಣ್ಣಯ್ಯನ ಬಾಯಿಂದ ಒಂದೇ ಮಾತು ಬಂತು, "ನಂಬಿಕೆದ್ರೋಹಿ." ಕೊಂದ. ಸತ್ತವನ ಬಳಿ ಅವನ ಗುಂಡಿಗೆ ಸಿಕ್ಕಿತು, ಎತ್ತಿಕೊಳ್ಳಬಹುದಾದ ಒಂದು ವಸ್ತುವಾಗಿ. ಇದೇನು ಎಂದು ಅಣ್ಣಯ್ಯ ಕೇಳಿದ. ಹೇಳಿದೆ. "ಅಲ್ಲೇ ಬಿದ್ದಿರ್ಲಿ ಬಿಡು" ಎಂದ. ಬಿಟ್ಟು ಬಂದೆವು.

ಉಳಿದ ಆಟವನ್ನು ಆಡಿ ಮುಗಿಸಿದೆವು. ಪಾತಾಳ ಇಳಿದು, ಕರಿ ಎಲ್ಫ್‌ಗಳ ಊರಿನಲ್ಲಿ ವೇಷ ಮರೆಸಿಕೊಂಡು ಇದ್ದು, ಮೇಲೆ ಬಂದು, ಸುಲ್ಡನೆಸೆಲಾರ್ ಎಂಬ ಮರಗಳ ನಗರದಲ್ಲಿ ಇರೆನಿಕಸ್‌ನನ್ನು ಎದುರಿಸಿ, ಅವನ ಹಿಂದೆಯೇ ನರಕಕ್ಕೂ ಹೋಗಿ ಬಂದೆವು. ನಾನು ಊರಿಗೆ ಬಸ್ಸು ಹತ್ತುವ ಹಿಂದಿನ ರಾತ್ರಿ ಮುಗಿಯಿತು. ಆದರೆ ಆ ದಿನದ ಮೇಲೆ ಅಣ್ಣಯ್ಯ ಯಾರನ್ನೂ ಮೊದಲಿನಂತೆ ಹಚ್ಚಿಕೊಂಡು ಆಡಲಿಲ್ಲ. ಮುಂದಿನ ವರ್ಷಗಳಲ್ಲಿ ಮನೆಯಲ್ಲಿ ಯಾರಾದರೂ ಮಾತಿಗೆ ತಪ್ಪಿದರೆ, "ಯೋಶಿಮೊ ಕೆಲ್ಸ ಮಾಡ್ದ" ಎನ್ನುವುದು ನಮ್ಮಿಬ್ಬರ ಗಾದೆಯಾಯಿತು.

2022ರ ಜುಲೈನಲ್ಲಿ ಡೇವಿಡ್ ವಾರ್ನರ್ ತೀರಿಕೊಂಡ ಸುದ್ದಿ ಓದಿದೆ. ಟೈಟಾನಿಕ್ ಚಿತ್ರದಲ್ಲಿ ನಾಯಕಿಯ ಮೇಲೆ ಕಣ್ಣಿಟ್ಟು ತಿರುಗುವ ಆ ಕಟುಮುಖದ ಸೇವಕ ಎಂದರೆ ಹೆಚ್ಚಿನವರಿಗೆ ನೆನಪಾದೀತು. ನನಗೆ ಅವರು ಇರೆನಿಕಸ್. ಶಿವಮೊಗ್ಗದ ಮಹಡಿ ಕೋಣೆಯಲ್ಲಿ ಕೇಳಿದ ಆ ದನಿ ಅವರದು. ಆ ರಾತ್ರಿಯೇ ಆಟವನ್ನು ಕೊಂಡೆ. 2013ರಲ್ಲಿ ಅದನ್ನು ಈಗಿನ ಕಂಪ್ಯೂಟರುಗಳಿಗೆ ಹೊಂದುವಂತೆ ಎನ್‌ಹಾನ್ಸ್ಡ್ ಎಡಿಷನ್ ಎಂದು ಮತ್ತೆ ಬಿಡುಗಡೆ ಮಾಡಿದ್ದರು. ಬೆಂಗಳೂರಿನ ಮನೆ, ರಾತ್ರಿ ಹತ್ತರ ನಂತರ, ಮಗಳು ಮಲಗಿದಮೇಲೆ, ಕಿವಿಗೆ ಹೆಡ್‌ಫೋನ್. ಈ ಸಲ ಮೌಸೂ ನನ್ನದೇ, ಓದೂ ನನ್ನದೇ.

ಮೊದಲ ವಾರ ಒಂಥರಾ ಕಸಿವಿಸಿ. ಓದಿದ್ದನ್ನು ಯಾರಿಗೂ ಹೇಳುವುದಿಲ್ಲ, ಬಾಯಿ ಸುಮ್ಮನಿದೆ. ಆದರೂ ಒಂದೊಂದು ಸಾಲಿಗೂ ನಾನು ಆಗ ಹೇಳಿದ ಕನ್ನಡವೇ ಮೊದಲು ಕಿವಿಗೆ ಬರುತ್ತಿತ್ತು, ಆಮೇಲೆ ಇಂಗ್ಲಿಷ್ ಅರ್ಥವಾಗುತ್ತಿತ್ತು. ಎರಡೂ ಕೂಡುತ್ತಿರಲಿಲ್ಲ ಎಂಬುದು ನಿಧಾನಕ್ಕೆ ಕಾಣತೊಡಗಿತು. ಇರೆನಿಕಸ್‌ನ ನೆಲಮಾಳಿಗೆಯಲ್ಲಿ ಒಂದು ಅಚ್ಚುಕಟ್ಟಾದ ಮಲಗುವ ಕೋಣೆ ಇದೆ. ಯಾವಳೋ ಹೆಂಗಸಿನ ಕೋಣೆ, ಆದರೆ ಅಲ್ಲಿ ಯಾರೂ ಇಲ್ಲ. 2003ರಲ್ಲಿ ನಾವು ಅಲ್ಲಿನ ಒಡವೆ ಎತ್ತಿಕೊಂಡು ಮುಂದೆ ಹೋಗಿದ್ದೆವು. ಈಗ ನಿಂತು ಓದಿದೆ. ಅವನು ಪ್ರೀತಿಸಿದ್ದ ಎಲ್ಫ್ ರಾಣಿ ಎಲ್ಲೆಸಿಮ್‌ಳ ಕೋಣೆಯನ್ನು ಇದ್ದ ಹಾಗೇ ಮತ್ತೆ ಕಟ್ಟಿ ಇಟ್ಟಿದ್ದಾನೆ. ಮಾಡಿದ ತಪ್ಪಿಗೆ ಅವನನ್ನು ಅವನ ಕುಲದಿಂದ ಕಿತ್ತೆಸೆದಿದ್ದಾರೆ, ಅದರೊಂದಿಗೆ ಪ್ರೀತಿಸುವ ಶಕ್ತಿಯೂ ಹೋಗಿದೆ. ಆ ಕೋಣೆಗೆ ಬಂದು ನಿಂತರೆ ಏನಾದರೂ ಅನಿಸೀತೇ ಎಂದು ಕಾಯುತ್ತಾನೆ. ಏನೂ ಅನಿಸುವುದಿಲ್ಲ. ಆ ಗುಮಾಸ್ತನ ದನಿ ಎಲ್ಲಿಂದ ಬಂತೆಂದು ನನಗೆ ತಿಳಿಯಲು ಹತ್ತೊಂಬತ್ತು ವರ್ಷ ಬೇಕಾಯಿತು.

ಯೋಶಿಮೊ ಎದುರಾದ. ಅದೇ ನಗು, ಅದೇ ಕೋರಿಕೆ. ಬೇಡ ಎಂದು ಹೇಳಿ ಮುಂದೆ ಹೋದೆ. ಹಗೆ ಅಷ್ಟು ಗಟ್ಟಿಯಾಗಿತ್ತು. ಆದರೆ ನಗರಕ್ಕೆ ಬಂದಮೇಲೆ ಬೀಗ ತೆಗೆಯುವವರಿಲ್ಲದೆ ಕೈ ಕಟ್ಟಿದಂತಾಯಿತು. ತಾಮ್ರ ಕಿರೀಟದ ಹೋಟೆಲಿನಲ್ಲಿ ಅವನು ಕೂತಿದ್ದ, ಬಾ ಎಂದೆ. ಬಂದ. ಇವನು ಎಂಥವನು ಎಂದು ಗೊತ್ತಿದ್ದೇ ಜೊತೆಗಿಟ್ಟುಕೊಂಡು ಆಡುವುದು ಬೇರೆಯೇ ಅನುಭವ. ಅವನ ಹಗುರ ಮಾತುಗಳನ್ನು ಈಗ ಒಂದೂ ಬಿಡದೆ ಓದಿದೆ. ಎಷ್ಟೋ ಕಡೆ ಮಾತು ತನ್ನ ಕಡೆಗೆ ತಿರುಗಿದ ಕೂಡಲೇ ಅವನು ಅದನ್ನು ನಗೆಯಾಡಿ ಬೇರೆಡೆಗೆ ಒಯ್ಯುತ್ತಾನೆ. ಆಗ ನಾನು ಅದನ್ನು ತಮಾಷೆ ಎಂದೇ ಕನ್ನಡಕ್ಕೆ ತಂದಿದ್ದೆ, ಅಣ್ಣಯ್ಯ ಹೊಟ್ಟೆ ಹಿಡಿದು ನಕ್ಕಿದ್ದ.

ಸ್ಪೆಲ್‌ಹೋಲ್ಡ್‌ನ ರಾತ್ರಿ ಬಂತು. ಹನ್ನೆರಡು ದಾಟಿತ್ತು. ಆ ಪದ ಬಂದ ಕೂಡಲೇ ಆಟ ನಿಲ್ಲಿಸಿ ಮೊಬೈಲಿನಲ್ಲಿ ಹುಡುಕಿದೆ. ಐರ್ಲೆಂಡಿನ ಹಳೆಯ ವೀರಕಥೆಗಳಿಂದ ಬಂದ ಪದ. ಒಬ್ಬನ ಮೇಲೆ ಇನ್ನೊಬ್ಬರು ಹಾಕುವ ಕಟ್ಟು. ಅದನ್ನು ಮೀರಿದರೆ ಕೇಡು, ಸಾವು. ಈ ಆಟದ ನಿಯಮಗಳಿಗೆ ಮೂಲವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟದಲ್ಲಿ ಅದು ಒಂದು ಮಂತ್ರ. ಯೋಶಿಮೊನಿಗೆ ಆ ಕಟ್ಟು ಬಿದ್ದಿತ್ತು. ಅವನ ಅಕ್ಕನೋ ತಂಗಿಯೋ, ತಮೋಕೊ ಎಂಬವಳು, ಮೊದಲ ಭಾಗದಲ್ಲಿ ಭಾಲನ ಇನ್ನೊಬ್ಬ ಮಗ ಸಾರೆವೋಕ್‌ನನ್ನು ಪ್ರೀತಿಸಿ ಅವನಿಂದಾಗಿ ಹಾಳಾದವಳು. ಅವಳ ಜಾಡು ಹಿಡಿದು ದೂರದ ನಾಡಿನಿಂದ ಬಂದವನು ಇರೆನಿಕಸ್‌ನ ಕೈಗೆ ಸಿಕ್ಕಿದ್ದ. ಕಟ್ಟು ಬಿದ್ದಮೇಲೆ ಹಿಂದೆ ಸರಿಯುವ ದಾರಿಯಿಲ್ಲ. ನಮ್ಮ ಕಡೆ ಬಾ ಎಂದು ಕರೆದರೂ ಬರಲಾರ, ಬಂದರೆ ಅದೇ ಅವನನ್ನು ಕೊಲ್ಲುತ್ತದೆ. ಸಾಯುವಾಗ ಅವನು ಕೇಳಿಕೊಳ್ಳುವುದು ಇಲ್ಮೇಟರ್ ದೇವರ ಕರುಣೆಯನ್ನು.

ಕರಾರು ಅಲ್ಲ. ದುಡ್ಡು ಅಲ್ಲ. ಆಣೆ. ದಿನಾ ರಾತ್ರಿ ಎಂಟೂವರೆಗೆ ದೊಡ್ಡಮ್ಮ ಮೆಟ್ಟಿಲು ಹತ್ತಿ ಬಂದು ನಮ್ಮಿಬ್ಬರ ಮೇಲೆ ಇಡುತ್ತಿದ್ದರಲ್ಲ, ಅದೇ. ಆಣೆ ಬಿದ್ದ ಕೂಡಲೇ ಅಣ್ಣಯ್ಯ ಏಳುತ್ತಿದ್ದ. ಪದ ಆ ಕೋಣೆಯಲ್ಲೇ ಇತ್ತು, ನಮ್ಮ ಕಿವಿಯ ಪಕ್ಕದಲ್ಲೇ ಇತ್ತು. ನಾನು ನಿಘಂಟಿನಲ್ಲಿ ಹುಡುಕುತ್ತಿದ್ದೆ. ಹೆಡ್‌ಫೋನ್ ತೆಗೆದಿಟ್ಟು ಸುಮಾರು ಹೊತ್ತು ಅತ್ತೆ. ಇಲ್ಲದ ಒಬ್ಬ ಮನುಷ್ಯನಿಗಾಗಿ ಅಳುವುದೇ ಎಂದು ಕೇಳುವವರು ಕೇಳಲಿ. ಅವನ ಕೊನೆಯ ಮಾತನ್ನು ಕೇಳುವವರಿಗೆ ತಲುಪಿಸುವ ಕೆಲಸ ನನ್ನದಾಗಿತ್ತು, ನಾನು ಅದನ್ನು ತಪ್ಪಾಗಿ ತಲುಪಿಸಿದ್ದೆ.

ಈ ಸಲ ಗುಂಡಿಗೆಯನ್ನು ಎತ್ತಿಕೊಂಡೆ. ಜಹೇರಕ್ಕನ ಚೀಲದಲ್ಲಿಟ್ಟೆ. ಸತ್ತವರ ಭಾರ ಹೊತ್ತು ನಡೆಯುವುದು ನಮ್ಮ ಗುಂಪಿನಲ್ಲಿ ಅವಳಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ಇಲ್ಮೇಟರ್ ಗುಡಿ ಇರುವುದು ಅತ್ಕಾತ್ಲಾದಲ್ಲಿ, ಅಲ್ಲಿಗೆ ಕೂಡಲೇ ಹೋಗುವಂತಿಲ್ಲ. ದ್ವೀಪದಿಂದ ಹೊರಟು ಪಾತಾಳಕ್ಕೆ ಇಳಿಯಬೇಕು. ಅಲ್ಲಿ ಅಡಲಾನ್ ಎಂಬ ಬೆಳ್ಳಿ ಡ್ರ್ಯಾಗನ್ನಿಗೆ ಅವಳ ಮೊಟ್ಟೆಗಳನ್ನು ತಂದುಕೊಡಬೇಕು. ಅದಕ್ಕಾಗಿ ಅವಳು ನಮ್ಮನ್ನೆಲ್ಲ ಕರಿ ಎಲ್ಫ್‌ಗಳ ರೂಪಕ್ಕೆ ತಿರುಗಿಸುತ್ತಾಳೆ. ಆ ಊರಿನಲ್ಲಿ ಫೇರ್ ಎಂಬವಳು ಸೊಲೊಫೀನ್ ಎಂಬ ಯೋಧನನ್ನು ಕೊಂದು ಅವನ ಮೇಲಂಗಿ ತಾ ಎಂದು ಅಪ್ಪಣೆ ಮಾಡುತ್ತಾಳೆ. 2003ರಲ್ಲಿ ಕೊಂದಿದ್ದೆವು. ಅವನ ಜೊತೆ ಕೂತು ಮಾತಾಡಿದರೆ ಅವನೇ ಮೇಲಂಗಿ ಬಿಚ್ಚಿ ಕೊಟ್ಟು ಜೀವ ಉಳಿಸಿಕೊಂಡು ಹೋಗುತ್ತಾನೆ ಎಂಬುದು ಉತ್ತರಗಳ ಪಟ್ಟಿಯಲ್ಲೇ ಇತ್ತು. ಯೋಶಿಮೊ ಆದಮೇಲೆ ಅಣ್ಣಯ್ಯನಿಗೆ ಪೂರ್ತಿ ಕೇಳುವ ತಾಳ್ಮೆ ಉಳಿದಿರಲಿಲ್ಲ. ಈ ಸಲ ಸೊಲೊಫೀನ್ ಬದುಕಿದ.

ಮೂರು ವಾರದ ರಾತ್ರಿಗಳು ಆ ಗುಂಡಿಗೆ ಜಹೇರಕ್ಕನ ಚೀಲದಲ್ಲೇ ಇತ್ತು. ಚೀಲ ತೆರೆದಾಗಲೆಲ್ಲ ಔಷಧದ ಶೀಶೆಗಳ ಪಕ್ಕ, ಮೂಲೆಯ ಚೌಕದಲ್ಲಿ. ಜಾಗ ಸಾಲದಾದಾಗ ಬೆಲೆಬಾಳುವ ರಕ್ಷಾಕವಚವನ್ನು ಬಿಟ್ಟು ಬಂದೆ, ಅದನ್ನು ಬಿಡಲಿಲ್ಲ. ಕೊನೆಗೆ ಬಿಸಿಲಿಗೆ ಬಂದು ನಗರ ಸೇರಿದಾಗ ಎಲ್ಲರೂ ಬೋಧಿಯನ್ನು ಮುಗಿಸಲು ಸ್ಮಶಾನಕ್ಕೆ ಹೋಗಿ ಎನ್ನುತ್ತಿದ್ದರು. ನಾನು ನೇರ ಇಲ್ಮೇಟರ್ ಗುಡಿಗೆ ನಡೆಸಿದೆ. ನರಳುವವರ, ನೋವು ಸಹಿಸುವವರ ದೇವರು ಅವನು. ಅವನ ಗುರುತು, ಕೆಂಪು ದಾರದಿಂದ ಮಣಿಕಟ್ಟಿನ ಬಳಿ ಕಟ್ಟಿದ ಎರಡು ಬಿಳಿ ಕೈಗಳು. ಕಟ್ಟಿಸಿಕೊಂಡವನ ಗುಂಡಿಗೆಗೆ ಬೇರೆ ಯಾವ ಗುಡಿ ಸರಿಹೋದೀತು? ಅರ್ಚಕರ ಜೊತೆ ಮಾತಾಡಿದೆ. ಅವರು ಅದನ್ನು ತೆಗೆದುಕೊಂಡು ಯೋಶಿಮೊನಿಗೆ ಬಿಡುಗಡೆ ಕೊಡಿಸಿದರು. ತೆರೆಯ ಮೇಲೆ ಅದಕ್ಕೆ ಹೆಚ್ಚು ಹೊತ್ತೇನೂ ಹಿಡಿಯುವುದಿಲ್ಲ. ಚೀಲ ತೆರೆದು ನೋಡಿದೆ, ಆ ಚೌಕ ಖಾಲಿ ಇತ್ತು.

ಇಂಥದೊಂದು ಚಿಕ್ಕ ಕೆಲಸವನ್ನು ಆಟದೊಳಗೆ ಇಟ್ಟವರನ್ನು ನೆನೆಯುತ್ತೇನೆ. ಅದನ್ನು ಮಾಡಲೇಬೇಕೆಂದಿಲ್ಲ, ಮಾಡದಿದ್ದರೆ ಕಥೆ ಎಲ್ಲೂ ನಿಲ್ಲುವುದಿಲ್ಲ. 2023ರಲ್ಲಿ ಬೆಲ್ಜಿಯಮ್ಮಿನ ಲೇರಿಯನ್ ಕಂಪನಿ ಮೂರನೇ ಭಾಗ ತಂದಾಗ ಜಹೇರಾ, ಮಿನ್ಸ್ಕ್ ಅದರಲ್ಲಿ ಮತ್ತೆ ಬಂದರು. ತಲೆ ನೆರೆತ ಜಹೇರಕ್ಕನನ್ನು ನೋಡಿ ಸಂತೋಷಪಟ್ಟೆ. ಅದು ದೊಡ್ಡ ಆಟ, ಚೆಂದದ ಆಟ. ಆದರೆ ನನ್ನ ಮನಸ್ಸು ಕಟ್ಟಿಕೊಂಡಿರುವುದು ಎರಡನೆಯದರ ಜೊತೆಗೇ.

ಗುಡಿಯಿಂದ ಹೊರಬಂದ ಮಾರನೇ ದಿನ ಅಣ್ಣಯ್ಯನಿಗೆ ಫೋನ್ ಮಾಡಿದೆ. ಈಗ ಅವನು ಶಿವಮೊಗ್ಗದಲ್ಲೇ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಹಿಂದೆ ಮೋಟಾರಿನ ಸದ್ದು.

"ಅಣ್ಣಯ್ಯ, ಯೋಶಿಮೊ ನೆನಪಿದ್ದಾನಾ?"

"ಯಾರು, ಆ ದ್ರೋಹಿನಾ? ಮರೆಯಕ್ಕಾಗುತ್ತಾ!"

ಹೇಳಿದೆ. ನಾನು ಓದಿದ್ದು ತಪ್ಪಾಗಿತ್ತು ಎಂದೆ. ಅದು ಕರಾರಲ್ಲ, ಆಣೆ ಎಂದೆ. ಅವನ ಅಕ್ಕತಂಗಿಯ ಕಥೆ, ಗುಂಡಿಗೆಯ ಕಥೆ, ಗುಡಿಯ ಕಥೆ ಎಲ್ಲ ಹೇಳಿದೆ. ಅವನು ನಡುವೆ ಬಾಯಿ ಹಾಕಲಿಲ್ಲ. ಯಾರಿಗೋ ಮೋಟಾರು ಆರಿಸಲು ಹೇಳಿದ್ದು ಕೇಳಿಸಿತು. ಆಮೇಲೆ ಸದ್ದೇ ಇಲ್ಲ.

"ಪುಟ್ಟಿ, ಹಂಗಾದ್ರೆ ಡ್ರ್ಯಾಗನ್ ಹತ್ರ ಬಲೆ ಹಾಕ್ತಿದ್ನಲ್ಲ, ಆಗ್ಲೂ ಅವನ್ಮೇಲೆ ಆಣೆ ಇತ್ತಾ?"

"ಇತ್ತು."

"ನಮ್ಮನ್ನ ಅಲ್ಲಿಗೆ ಕರ್ಕೊಂಡು ಹೋಗ್ಬೇಕು ಅಂತ ಗೊತ್ತಿದ್ದೂ ಹಾಕ್ದ."

"ಹೌದು."

ಮತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಆ ಗುಹೆ ಬಾಗ್ಲಿನ ಸೇವ್ ಇಟ್ಟಿದ್ದೀಯೇನೆ?"

ಇಟ್ಟಿದ್ದೇನೆ ಎಂದೆ.

"ಹಂಗೇ ಇರ್ಲಿ. ಭಾನುವಾರ ಅಂಗಡಿಗೆ ರಜೆ, ಬರ್ತೀನಿ. ನೀನು ಓದು."